ನಮ್ಮ ಫಾರಂನಲ್ಲಿ ಒಂದು ಕಾಲಂ ಇಲ್ಲ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಬೆಂಗಳೂರಿನ ಪಾಲಿಕೆಗಳ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ನಾನೊಬ್ಬಳು ನರ್ಸ್. ವಾರ್ಡಿನಲ್ಲಿ ಕೆಲಸ ಮಾಡುವವಳಲ್ಲ, ಮನೆಮನೆಗೆ ಹೋಗುವವಳು. "ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದು ಡಾಕ್ಟರು ಹೇಳಿ ಕಳಿಸಿದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ತಂಡದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಒಂದು ವ್ಯಾನು, ಡ್ರೈವರ್ ಅಣ್ಣ, ಒಬ್ಬ ಕೌನ್ಸೆಲರ್, ನಾನು, ನನ್ನ ಬ್ಯಾಗು. ವಾರಕ್ಕೊಮ್ಮೆ ಡಾಕ್ಟರೂ ಬರುತ್ತಾರೆ. ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ನಮ್ಮ ಪಾಲಿಗೆ ಬಂದ ಏರಿಯಾ. ದಿನಕ್ಕೆ ಐದಾರು ಮನೆ. ಟ್ರಾಫಿಕ್ ಕೆಟ್ಟರೆ ನಾಲ್ಕು.

ಪ್ಯಾಲಿಯೇಟಿವ್ ಕೇರ್ ಅಂತಾರೆ ಇದಕ್ಕೆ. ಬೋರ್ಡಿನಲ್ಲಿ ಉಪಶಮನ ಆರೈಕೆ ಎಂದು ಬರೆದಿರುತ್ತದೆ. ಬೀದಿಯ ಜನ ಮಾತ್ರ "ನೋವಿನ ಸಿಸ್ಟರ್ ಬಂದ್ರು" ಅನ್ನುತ್ತಾರೆ. ನನಗೆ ಆ ಹೆಸರೇ ಇಷ್ಟ.

ಈ ಪತ್ರ ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ, ಕ್ಯಾನ್ಸರ್ ತಡೆಯುವ ಬಗ್ಗೆ. ತಡೆಯೋದಕ್ಕೂ ಇವರಿಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಇಲಾಖೆಯಲ್ಲಿ ಅದರ ಫೈಲೇ ಬೇರೆ, ನಮ್ಮ ಫೈಲೇ ಬೇರೆ. ಅವರು ಕಾಯಿಲೆ ಬರುವ ಮುಂಚೆ ಹೋಗುವವರು, ನಾವು ಎಲ್ಲ ಮುಗಿಯುವ ಹೊತ್ತಿಗೆ ಹೋಗುವವರು. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಲಗ್ಗೆರೆಯ ಒಂದು ಮನೆಗೆ ಹೋಗುವವರೆಗೆ.

ಮೂರನೇ ಮಹಡಿ, ಶೀಟಿನ ಮನೆ. ಮೆಟ್ಟಿಲು ಹತ್ತುವಾಗಲೇ ಅಗರಬತ್ತಿ ವಾಸನೆ ಬಂತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಅರ್ಧ ಕಟ್ಟು ಅಗರಬತ್ತಿ ಉರೀತಾ ಇದೆ ಅಂದರೆ ಅದು ದೇವರಿಗೆ ಹಚ್ಚಿದ್ದಲ್ಲ ಎಂದು ಈ ಕೆಲಸದಲ್ಲಿ ಇರುವವರಿಗೆಲ್ಲ ಗೊತ್ತು. ಒಳಗೆ ಹೋದರೆ ಫಿನಾಯಿಲ್. ಫಿನಾಯಿಲ್ ಕೆಳಗೆ ಆ ವಾಸನೆ.

ಐವತ್ತೆರಡು ವರ್ಷದ ಅಮ್ಮ. ಇದೇ ಕ್ಯಾನ್ಸರ್. ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದವರು. ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಮೂತ್ರ ತಾನಾಗಿ ಸೋರುತ್ತಿತ್ತು. ಗಡ್ಡೆ ಬೆಳೆದು ಮೂತ್ರಚೀಲದ ಗೋಡೆ ತೂತಾದರೆ ಹೀಗಾಗುತ್ತದೆ. ಮಗ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಮೊಮ್ಮಗಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಸೊಸೆ ಗಾರ್ಮೆಂಟ್ಸ್‌ಗೆ ಹೋಗದೆ ಹದಿನೈದು ದಿನ ಆಗಿತ್ತು. ಹಳೇ ಕಾಟನ್ ಸೀರೆ ಹರಿದು, ಮಡಚಿ, ಪ್ಯಾಡ್ ಮಾಡಿ ಒಂದು ಬಕೆಟ್ ತುಂಬ ಜೋಡಿಸಿ ಇಟ್ಟಿದ್ದಳು. ಒಂದೊಂದೂ ಅಳತೆ ಇಟ್ಟು ಕತ್ತರಿಸಿದ ಹಾಗಿತ್ತು.

ಮೊದಲ ದಿನ ನಾವು ಮಾಡಿದ್ದು ಎರಡೇ ಕೆಲಸ. ನೋವಿಗೆ ಡಾಕ್ಟರು ಬರೆದ ಮಾರ್ಫಿನ್ ಮಾತ್ರೆ, ನಾಲ್ಕು ಗಂಟೆಗೊಂದು. ಅದರಿಂದ ಮಲ ಕಟ್ಟಿಕೊಳ್ಳುತ್ತದೆ, ಅದಕ್ಕೊಂದು ಔಷಧಿ. ಇನ್ನೊಂದು ಕೆಲಸ ವಾಸನೆಗೆ. ಮೆಟ್ರೋನಿಡಜೋಲ್ ಮಾತ್ರೆ ಗೊತ್ತಲ್ಲ, ಭೇದಿಗೆ ಕೊಡುತ್ತಾರಲ್ಲ, ಅದೇ. ಎರಡು ಚಮಚದ ನಡುವೆ ಇಟ್ಟು ಒತ್ತಿದರೆ ಹಿಟ್ಟಿನ ಹಾಗೆ ಪುಡಿಯಾಗುತ್ತದೆ. ಆ ಪುಡಿಯನ್ನು ಡ್ರೆಸ್ಸಿಂಗ್ ಬಟ್ಟೆಗೆ ಹಾಕಿ ಇಡುವುದು. ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ದೊಡ್ಡ ಖರ್ಚಿನ ಮಾತಲ್ಲ. ಸೊಸೆಗೆ ಒಂದೇ ಸಲ ತೋರಿಸಿದೆ. ಹೊಲಿಗೆ ಕೈ ಅವಳದ್ದು, ನನಗಿಂತ ಚೆನ್ನಾಗಿ ಮಾಡಿದಳು.

ನಾಲ್ಕನೇ ದಿನ ಹೋದಾಗ ಅಗರಬತ್ತಿ ಇರಲಿಲ್ಲ. ಮೊಮ್ಮಗಳು ಅಜ್ಜಿಯ ಕಾಲ ಹತ್ತಿರ ಕೂತು ಹೋಂವರ್ಕ್ ಮಾಡುತ್ತಿದ್ದಳು. ಅಮ್ಮ ಎರಡು ರಾತ್ರಿ ನಿದ್ದೆ ಮಾಡಿದ್ದರು. ನನ್ನ ಕೈ ಹಿಡಿದುಕೊಂಡರು.

"ಸಿಸ್ಟರಮ್ಮ, ನಂದೇನೋ ಆಯ್ತು. ಇವಳನ್ನ ಒಂದ್ಸಲ ನೋಡ್ಸಿ. ಇವಳೂ ನನ್ನಂಗೇ. ಏನಿದ್ರೂ ಹೇಳ್ಕೊಳಲ್ಲ."

ಸೊಸೆ ಬಟ್ಟೆ ಮಡಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಎಲ್ಲಿಗೆ ಹೋಗ್ಬೇಕಕ್ಕ? ಯಾವ ವಾರ ನೋಡ್ತಾರೆ? ಎಷ್ಟಾಗುತ್ತೆ?"

ಮೂರು ಪ್ರಶ್ನೆ. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ಯಾವ್ದಾದ್ರೂ ಸರ್ಕಾರಿ ಆಸ್ಪತ್ರೆಗೆ ಹೋಗಮ್ಮ" ಅಂದೆ. ಹೇಳುವಾಗಲೇ ನಾಚಿಕೆ ಆಯಿತು. ಅವಳ ಅತ್ತೆಗೂ ಯಾವತ್ತೋ ಯಾರೋ ಇದೇ ಮಾತು ಹೇಳಿ ಕೈ ತೊಳೆದುಕೊಂಡಿರಬೇಕು.

ವ್ಯಾನಿಗೆ ಬಂದು ಫಾರಂ ತುಂಬಿದೆ. ನೋವು ಹತ್ತರಲ್ಲಿ ಎಷ್ಟು, ನಿದ್ದೆ ಹೇಗೆ, ಊಟ ಎಷ್ಟು, ಹಾಸಿಗೆ ಹುಣ್ಣು ಇದೆಯಾ. 'ಮನೆಯಲ್ಲಿ ನೋಡಿಕೊಳ್ಳುವವರು' ಅಂತ ಒಂದು ಕಾಲಂ ಇದೆ. ಹನ್ನೆರಡು ವರ್ಷದಲ್ಲಿ ಅಲ್ಲಿ ಗಂಡಸಿನ ಹೆಸರು ಬರೆದದ್ದು ಬೆರಳೆಣಿಕೆ. ಸೊಸೆ, ಮಗಳು, ತಂಗಿ, ನಾದಿನಿ. ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ಬರೆಯುತ್ತೇವೆ. ಅವಳು ಯಾವತ್ತಾದರೂ ತಪಾಸಣೆ ಮಾಡಿಸಿಕೊಂಡಿದ್ದಾಳಾ ಅಂತ ಕೇಳುವ ಕಾಲಂ ಇಲ್ಲ.

ಆ ಕಾಲಂ ಕೇಳಿಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಅಮ್ಮನ ಕಾಯಿಲೆ ಒಂದೇ ದಿನ ಬಂದದ್ದಲ್ಲ. ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಅದರಲ್ಲೂ 16 ಮತ್ತು 18 ಎಂಬ ಎರಡು ಬಗೆಗಳೇ ನೂರರಲ್ಲಿ ಸುಮಾರು 70 ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣ. ವೈರಸ್ ಒಳಗೆ ಬಂದು ಉಳಿದುಕೊಂಡರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಹೆಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ ಇನ್ನೂ ಬೇಗ. ಅಂದರೆ ಅಮ್ಮನ ವಿಷಯದಲ್ಲಿ ನಮಗೆಲ್ಲ ಹತ್ತಾರು ವರ್ಷ ಟೈಮ್ ಇತ್ತು. ಇಷ್ಟು ನಿಧಾನವಾಗಿ ಬರುವ, ಬರುವ ದಾರಿಯಲ್ಲೇ ಹಿಡಿದು ಸುಟ್ಟುಹಾಕಬಹುದಾದ ಕ್ಯಾನ್ಸರ್ ಜಾಸ್ತಿ ಇಲ್ಲ. ಆದರೂ 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಇದು ಬಂತು. ಹತ್ತಿರ ಹತ್ತಿರ 80 ಸಾವಿರ ಜನ ಸತ್ತರು.

ಆ ಹತ್ತಾರು ವರ್ಷ ಎಲ್ಲಿ ಹೋಯಿತು? ಅಮ್ಮನನ್ನೇ ಕೇಳಿದೆ. ಬಿಳಿ ಸೆರಗು ಹೋಗುತ್ತಿತ್ತು. ಉಷ್ಣ ಅಂತ ಮೆಂತ್ಯ ನೆನೆಸಿದ ನೀರು ಕುಡಿದರು. ಮುಟ್ಟು ನಿಂತು ಎರಡು ವರ್ಷ ಆದ ಮೇಲೆ ಮತ್ತೆ ರಕ್ತ ಕಾಣಿಸಿತು. "ವಾಪಸ್ ಮುಟ್ಟಾದೆ ಅಂತ ನಾಚ್ಕೆ ಆಗಿ ಯಾರ್ಗೂ ಹೇಳ್ಲಿಲ್ಲ" ಅಂದರು. ಆಮೇಲೆ ಒಂದು ಕ್ಲಿನಿಕ್‌ಗೆ ಹೋದರು. ಎಂಟು ತಿಂಗಳು ಬಿಳಿ ಸೆರಗಿಗೆ ಮಾತ್ರೆ ಕೊಟ್ಟರಂತೆ. ಎಂಟು ತಿಂಗಳಲ್ಲಿ ಒಬ್ಬರೂ ಒಳಗಡೆ ಪರೀಕ್ಷೆ ಮಾಡಲಿಲ್ಲ. ಮಂಚದ ಮೇಲೆ ಮಲಗಿಸಿ ಒಂದು ಸಲ ಟಾರ್ಚ್ ಹಿಡಿದು ನೋಡಿದ್ದರೆ ಕಾಣುತ್ತಿತ್ತು.

ಇವರೊಬ್ಬರ ಕತೆಯಲ್ಲ ಇದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವರ್ಷದ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. 1.9. ಕೇಂದ್ರ ಸರ್ಕಾರ 30ರಿಂದ 65 ವರ್ಷದ ಹೆಂಗಸರಿಗೆಲ್ಲ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಎಂದು ಮಾರ್ಗಸೂಚಿ ತಂದದ್ದು 2016ರಲ್ಲಿ.

ಬೆಂಗಳೂರಿನಲ್ಲಿ ಈ ಕ್ಯಾನ್ಸರ್ ಕಮ್ಮಿ ಆಗುತ್ತಿದೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 80ರ ದಶಕದ ಶುರುವಿನಿಂದ ನಗರದ ಕ್ಯಾನ್ಸರ್ ಲೆಕ್ಕ ಇಟ್ಟಿದ್ದಾರೆ. ಆ ಲೆಕ್ಕದಲ್ಲಿ ಗರ್ಭಕಂಠದ್ದು ಇಳಿದು ಸ್ತನದ್ದು ಮೇಲೆ ಬಂದಿದೆ. ಮದುವೆ ತಡ ಆಗುತ್ತಿದೆ, ಹೆರಿಗೆ ಕಮ್ಮಿ ಆಗಿದೆ, ಅದಕ್ಕೆ ಅಂತಾರೆ. ಸಂತೋಷ. ಆದರೆ ಉಳಿದಿರುವುದು ಎಲ್ಲಿ ಅಂತ ಬೇಕಾದರೆ ನಮ್ಮ ವ್ಯಾನಿನ ಹಿಂದೆ ಬನ್ನಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೆಂಗಸರು ತಪಾಸಣೆಗೆ ಯಾಕೆ ಬರುವುದಿಲ್ಲ? ತಿಳುವಳಿಕೆ ಇಲ್ಲ ಅಂತ ಎಲ್ಲ ಸಭೆಯಲ್ಲೂ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಮ್ಮ ಬೀದಿಗಳ ಹೆಂಗಸರಿಗೆ ಕ್ಯಾನ್ಸರ್ ಬಗ್ಗೆ ತುಂಬಾ ಚೆನ್ನಾಗಿ ಗೊತ್ತು. ಪಕ್ಕದ ಮನೆಯಲ್ಲಿ ನೋಡಿದ್ದಾರೆ. ಗೋಡೆ ಒಂದೇ, ರಾತ್ರಿಯೆಲ್ಲ ಕೇಳಿಸಿಕೊಂಡಿದ್ದಾರೆ. ಮೂರು ತಿಂಗಳು ಒಬ್ಬಳು ನರಳಿ ನರಳಿ ಸತ್ತರೆ ಆ ಬೀದಿ ಕಲಿಯುವ ಪಾಠ ಏನು ಹೇಳಿ? 'ಕ್ಯಾನ್ಸರ್ ಅಂದ್ರೆ ಕ್ಯಾನ್ಸಲ್.' ಗೊತ್ತಾದರೂ ಅಷ್ಟೇ, ಗೊತ್ತಾಗದಿದ್ದರೂ ಅಷ್ಟೇ, ಗೊತ್ತಾಗದೆ ಇರುವುದೇ ವಾಸಿ. ಅವರು ನೋಡಿದ್ದಕ್ಕೆ ಈ ತೀರ್ಮಾನ ತಪ್ಪೇನಲ್ಲ.

ಸುಂಕದಕಟ್ಟೆಯಲ್ಲಿ ಒಂದು ಗಲ್ಲಿ ಇದೆ. ಅಲ್ಲಿ ಒಬ್ಬರು ಹೀಗೆ ತೀರಿಕೊಂಡಿದ್ದರು. ನಾವು ಹೋಗುವ ಹೊತ್ತಿಗೆ ತಡವಾಗಿತ್ತು, ಕೊನೆಯ ಎರಡು ದಿನ ಮಾತ್ರ ಸಿಕ್ಕಿತು. ತಿಂಗಳು ಬಿಟ್ಟು ಅದೇ ಗಲ್ಲಿ ತುದಿಯಲ್ಲಿ ಒಂದು ತಪಾಸಣೆ ಶಿಬಿರ ಹಾಕಿದರು. ಶಾಮಿಯಾನ, ಮೈಕು, ಬಿಸ್ಕೆಟ್ ಎಲ್ಲ ಇತ್ತು. ಬಿಪಿ ಶುಗರ್ ನೋಡಿಸಿಕೊಂಡು ಹೆಂಗಸರು ವಾಪಸ್ ಬಂದರು. ಪರದೆ ಕಟ್ಟಿದ ಕೋಣೆಗೆ ಹೋದವರು ತೀರಾ ಕಮ್ಮಿ. ಒಬ್ಬಾಕೆ ನನಗೇ ಹೇಳಿದಳು, "ಅಕ್ಕ, ನೋಡ್ಸಿದ್ರೆ ಇದೆ ಅಂತಾರೆ. ಆಮೇಲೆ ಅವರಂಗೆ ಕಿರ್ಚ್ಕೊಂಡು ಬಿದ್ದಿರ್ಬೇಕು."

ಲಗ್ಗೆರೆ ಮನೆಯಲ್ಲಿ ಆದದ್ದು ಇದರ ಉಲ್ಟಾ. ನೋವು ಇಳಿಯಿತು, ವಾಸನೆ ಹೋಯಿತು, ಮಗು ಅಜ್ಜಿ ಹತ್ತಿರ ಬಂತು. ಆವಾಗ ಸೊಸೆ ತಾನಾಗಿ ಕೇಳಿದಳು, ಎಲ್ಲಿಗೆ ಹೋಗಬೇಕು ಅಂತ. ನಾನು ಉಪದೇಶ ಮಾಡಿರಲಿಲ್ಲ, ಪಾಂಪ್ಲೆಟ್ ಕೊಟ್ಟಿರಲಿಲ್ಲ. ಮುಂದಿನ ವಾರ ಕೆಳಗಿನ ಮನೆಯ ಇಬ್ಬರು ಬಂದು ಕೂತರು. ಒಂದು ಮಾರ್ಫಿನ್ ಮಾತ್ರೆ ಆ ಮೆಟ್ಟಿಲಿನ ಮೂರು ಹೆಂಗಸರ ಬಾಯಿ ಬಿಡಿಸಿತು.

ಹಾಗಾಗಿ ನೋವು ಇಳಿಸುವುದೂ ತಡೆಯುವ ಕೆಲಸವೇ ಅಂತ ನಾನು ಹೇಳುವುದು. ರೋಗಿಗೆ ಅಲ್ಲ. ಅವಳ ಪಕ್ಕ ಕೂತವಳಿಗೆ.

ನಾನೊಬ್ಬಳೇ ಹೇಳುತ್ತಿರುವ ಮಾತಲ್ಲ ಸ್ವಾಮಿ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಈ ಕ್ಯಾನ್ಸರನ್ನು ತೊಡೆದುಹಾಕುವ ಯೋಜನೆ ಹೊರಡಿಸಿತು. 2030ರೊಳಗೆ ನೂರಕ್ಕೆ 90 ಹುಡುಗಿಯರಿಗೆ 15 ತುಂಬುವುದರೊಳಗೆ ಲಸಿಕೆ, 70 ಹೆಂಗಸರಿಗೆ 35ರೊಳಗೆ ಒಮ್ಮೆ ಮತ್ತು 45ರೊಳಗೆ ಇನ್ನೊಮ್ಮೆ ತಪಾಸಣೆ, ಕಾಯಿಲೆ ಸಿಕ್ಕವರಲ್ಲಿ 90 ಜನಕ್ಕೆ ಚಿಕಿತ್ಸೆ. 90-70-90 ಅಂತ ಎಲ್ಲ ಭಾಷಣದಲ್ಲೂ ಬರುತ್ತದೆ. ಆ ಮೂರನೇ ಭಾಗದಲ್ಲಿ ಚಿಕಿತ್ಸೆಯ ಜೊತೆಗೇ ಉಪಶಮನ ಆರೈಕೆಯೂ ಇದೆ. ಭಾಷಣದಲ್ಲಿ ಮಾತ್ರ ಬಿಟ್ಟುಹೋಗುತ್ತದೆ.

ಇನ್ನೊಂದು ಕಡೆಯೂ ನಾವು ಬೇಕು. ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದಲೇ ನಮ್ಮಂಥವರು ಜೊತೆಗಿದ್ದರೆ ಚಿಕಿತ್ಸೆ ನಡುವೆ ಬಿಡುವವರು ಕಮ್ಮಿ ಆಗುತ್ತಾರೆ. ರೇಡಿಯೇಷನ್ ವಾರಗಟ್ಟಲೆ ನಡೆಯುತ್ತದೆ. ಭೇದಿ, ಉರಿ, ರಕ್ತ. ಬಸ್ಸಿನಲ್ಲಿ ಕೂತು ಬರುವುದು ಹೇಗೆ ಎಂಬ ಭಯಕ್ಕೇ ಮೂರನೇ ವಾರದಲ್ಲಿ ನಿಲ್ಲಿಸಿಬಿಟ್ಟವರನ್ನು ನೋಡಿದ್ದೇನೆ. ಅವರೇ ವರ್ಷ ಬಿಟ್ಟು ನಮ್ಮ ಲಿಸ್ಟಿನಲ್ಲಿ ಬರುತ್ತಾರೆ.

ಹೇಗೆ ಮಾತಾಡಬೇಕು ಎಂಬುದನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನೀವು ಸುತ್ತೋಲೆ ಹೊರಡಿಸಿದರೆ ಇದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೀರಿ, ಅದಕ್ಕೆ.

ಮೊದಲ ಭೇಟಿಯಲ್ಲಿ ತಪಾಸಣೆ ಬಗ್ಗೆ ಬಾಯಿ ಬಿಡಬಾರದು. ನೋವು ಇಳಿಯುವ ತನಕ ಆ ಮನೆಯಲ್ಲಿ ಯಾರ ಕಿವಿಗೂ ಏನೂ ಹೋಗುವುದಿಲ್ಲ. ರೋಗಿಯ ಒಪ್ಪಿಗೆ ಬೇಕು. ಹಾಸಿಗೆ ಹಿಡಿದವಳನ್ನು ತೋರಿಸಿ 'ನೋಡಿ, ತಪಾಸಣೆ ಮಾಡಿಸದಿದ್ದರೆ ಹೀಗಾಗುತ್ತೆ' ಅಂದರೆ ಅದಕ್ಕಿಂತ ಪಾಪ ಇಲ್ಲ. ಬಹಳ ಸಲ ಅವರೇ ಹೇಳುತ್ತಾರೆ, ಲಗ್ಗೆರೆ ಅಮ್ಮ ಹೇಳಿದ ಹಾಗೆ. ಸಾಯುವವರಿಗೆ ಕೊಡುವುದಕ್ಕೆ ಏನಾದರೂ ಉಳಿದಿರಬೇಕು ಅಂತ ಇರುತ್ತದೆ. ಅವರು ಹೇಳಿದರೆ ಆ ಮಾತಿನ ತೂಕವೇ ಬೇರೆ, ಸೊಸೆ ತೆಗೆದುಹಾಕುವ ಹಾಗಿಲ್ಲ.

'ನಿಮ್ಮ ಅತ್ತೆಗೆ ಬಂದಿದೆ, ನಿಮಗೂ ಬರುತ್ತೆ' ಅನ್ನಬಾರದು. ಇದು ವಂಶದಿಂದ ಇಳಿದು ಬರುವ ಕಾಯಿಲೆ ಅಲ್ಲ. ಆ ಮನೆಯ ಹೆಂಗಸರನ್ನು ಯಾಕೆ ನೋಡಬೇಕು ಅಂದರೆ, ಅತ್ತೆಯನ್ನು ಆಸ್ಪತ್ರೆಯಿಂದ ದೂರ ಇಟ್ಟ ಅದೇ ಕಾರಣಗಳು ಸೊಸೆಯನ್ನೂ ದೂರ ಇಟ್ಟಿವೆ. ರಜೆ ಇಲ್ಲ, ದುಡ್ಡಿಲ್ಲ, ನಾಚಿಕೆ, ಮೆಂತ್ಯ ನೀರು.

ವೈರಸ್ ಹೇಗೆ ಬರುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಗಂಡ ಹೆಂಡತಿ ಸೇರುವುದರಿಂದ ಬರುತ್ತದೆ ಅಂದ ತಕ್ಷಣ ರೂಮಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಾರೆ. ನಾನು ಹೀಗೆ ಹೇಳುತ್ತೇನೆ: ಇದು ಸಂಸಾರ ಮಾಡುವ ಹೆಚ್ಚುಕಮ್ಮಿ ಎಲ್ಲರಿಗೂ ಒಂದಲ್ಲ ಒಂದು ಸಲ ಬಂದು ಹೋಗುವ ವೈರಸ್, ನೆಗಡಿ ಬಂದು ಹೋದ ಹಾಗೆ. ಕೆಲವರಲ್ಲಿ ಹೋಗದೆ ಉಳಿಯುತ್ತದೆ, ಯಾರ ತಪ್ಪೂ ಅಲ್ಲ. ಅದು ಉಳಿದಿದೆಯಾ, ಏನಾದರೂ ಕೆಡಿಸಲು ಶುರು ಮಾಡಿದೆಯಾ ಅಂತ ನೋಡುವುದೇ ತಪಾಸಣೆ. ಇಷ್ಟು ಹೇಳಿದರೆ ಉಸಿರು ಬಿಡುತ್ತಾರೆ.

ಎಲ್ಲಕ್ಕಿಂತ ಒಳ್ಳೇ ಸಮಯ ಯಾವುದು ಗೊತ್ತಾ? ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ. ರೋಗಿ ತೀರಿಕೊಂಡ ಮೇಲೆ ನಾವು ಒಂದು ಸಲ ಆ ಮನೆಗೆ ಹೋಗಿ ಕೂತು ಬರುತ್ತೇವೆ. ಮಾಗಡಿಯಿಂದ ತಂಗಿ ಬಂದಿರುತ್ತಾಳೆ, ಕುಣಿಗಲ್‌ನಿಂದ ಮಗಳು. ಯಾರಿಗೂ ಅವಸರ ಇರುವುದಿಲ್ಲ. ನಮ್ಮ ಮೇಲೆ ಅವರಿಗೆ ಒಂದು ಋಣದ ಭಾವನೆ ಇರುತ್ತದೆ. ಕಾಫಿ ಕೊಡದೆ ಕಳಿಸುವುದಿಲ್ಲ. ಆ ಕಾಫಿ ಕುಡಿಯುವ ಹತ್ತು ನಿಮಿಷ ಇದೆಯಲ್ಲ, ಅಷ್ಟು ತೆರೆದ ಕಿವಿಗಳು ನಿಮ್ಮ ಯಾವ ಶಿಬಿರದಲ್ಲೂ ಸಿಗುವುದಿಲ್ಲ. ಈಗ ಆ ಹತ್ತು ನಿಮಿಷವನ್ನು ನಾವು 'ಧೈರ್ಯ ತಂದ್ಕೊಳ್ಳಿ' ಅಂತ ಹೇಳಿ ಸುಮ್ನೆ ಕಳೆಯುತ್ತಿದ್ದೇವೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಹನ್ನೊಂದು ವರ್ಷ ಈ ಹುಣ್ಣುಗಳಿಗೆ ಡ್ರೆಸ್ಸಿಂಗ್ ಮಾಡಿದ ಕೈ ಇದು, ನಾನೇ ತಪಾಸಣೆ ಮಾಡಿಸಿಕೊಂಡಿರಲಿಲ್ಲ. ನನಗೆ ಆಗ 43. ಲಗ್ಗೆರೆ ಸೊಸೆಗೆ ಉತ್ತರ ಹುಡುಕಿಕೊಂಡು ಹೋಗಿ ನಾನೇ ಮೊದಲು ಆ ಮಂಚದ ಮೇಲೆ ಮಲಗಿದೆ. ಕಾಲು ಮಡಚಿ ಮಲಗಬೇಕು. ಒಳಗೆ ಒಂದು ಉಪಕರಣ ಹಾಕಿ ಅಗಲ ಮಾಡುತ್ತಾರೆ. ತಣ್ಣಗಿತ್ತು, ಮುಜುಗರ ಆಯಿತು, ನೋವಾಗಲಿಲ್ಲ. ಹತ್ತಿಯಲ್ಲಿ ಅಸಿಟಿಕ್ ಆಸಿಡ್ ಅದ್ದಿ ಗರ್ಭಚೀಲದ ಬಾಯಿಗೆ ಹಚ್ಚಿದರು. ಅಡುಗೆಯ ವಿನಿಗರ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ. ಒಂದು ನಿಮಿಷ ಕಾದರು. ಕೆಟ್ಟ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಆಗಲಿಲ್ಲ. ಎದ್ದು ಸೀರೆ ಸರಿ ಮಾಡಿಕೊಂಡೆ. ಇಷ್ಟೇನಾ ಅನ್ನಿಸಿತು. ಆಮೇಲೆ ಸಿಟ್ಟು ಬಂತು. ಇಷ್ಟೇನಾ!

ವಿಐಎ ಅಂತ ಇದರ ಹೆಸರು. ಡಾಕ್ಟರೇ ಮಾಡಬೇಕಂತಿಲ್ಲ. ಮುಂಬೈಯ ಕೊಳೆಗೇರಿಗಳಲ್ಲಿ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ಟಾಟಾ ಮೆಮೋರಿಯಲ್‌ನವರು ಹತ್ತನೇ ಕ್ಲಾಸು ಓದಿದ ಹೆಂಗಸರಿಗೆ ತರಬೇತಿ ಕೊಟ್ಟು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದ ಆ ಅಧ್ಯಯನದ ಫಲಿತಾಂಶ 2013ರಲ್ಲಿ ಬಂತು. ತಪಾಸಣೆ ಆದ ಕಡೆ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿದಿತ್ತು. ಈಗ ಇದಕ್ಕಿಂತ ನಿಖರವಾದ ಎಚ್‌ಪಿವಿ ಪರೀಕ್ಷೆ ಬಂದಿದೆ. ಅದರಲ್ಲಿ ಮಂಚವೂ ಬೇಡ. ಹತ್ತಿ ಕಡ್ಡಿಯನ್ನು ಹೆಂಗಸೇ ಬಾತ್‌ರೂಮಿಗೆ ಹೋಗಿ ತಾನೇ ಹಾಕಿ ತೆಗೆದು ಕೊಡಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿರುವ ವಿಧಾನ. ನಾಚಿಕೆಯೇ ದೊಡ್ಡ ಗೋಡೆ ಆಗಿರುವ ಮನೆಗಳಿಗೆ ಇದಕ್ಕಿಂತ ಏನು ಬೇಕು? ನನ್ನ ಬ್ಯಾಗಿನಲ್ಲಿ ಹತ್ತು ಕಡ್ಡಿ ಇಡುವಷ್ಟು ಜಾಗ ಖಂಡಿತ ಇದೆ.

ಹೆದರಿಸಿ ತಪಾಸಣೆಗೆ ಕರೆಸಬಹುದಲ್ವಾ ಅಂತ ಒಬ್ಬರು ಕೇಳಿದ್ದರು. ಬೇಡ. ಹೆದರಿದ ಹೆಂಗಸು ಸರ್ಕಾರಿ ಆಸ್ಪತ್ರೆಗೆ ಬರುವುದಿಲ್ಲ, ಮೊದಲು ಸಿಕ್ಕಿದ ಕಡೆ ಹೋಗುತ್ತಾಳೆ. 'ಬಿಳಿ ಸೆರಗು ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡಿ' ಎಂದು ಹೇಳಿ ಆಪರೇಷನ್ ಮಾಡಿದ್ದು ಕಲಬುರಗಿ ಕಡೆಯ ತಾಂಡಾಗಳಿಂದ ದೊಡ್ಡ ಸುದ್ದಿ ಆಗಿತ್ತು, ನೆನಪಿದೆಯಾ? ಮೂವತ್ತು ದಾಟದ ಹೆಣ್ಣುಮಕ್ಕಳೂ ಇದ್ದರು ಅದರಲ್ಲಿ. ಭಯ ಹುಟ್ಟಿಸಿದರೆ ಅದನ್ನು ಮಾರಿಕೊಳ್ಳುವವರು ಕಾಯುತ್ತಾ ಇರುತ್ತಾರೆ.

ನಾನು ಕೇಳುತ್ತಿರುವುದು ದೊಡ್ಡ ಬಜೆಟ್ಟಲ್ಲ. ನಮ್ಮ ಫಾರಂನಲ್ಲಿ ಮನೆಯ ಹೆಣ್ಣುಮಕ್ಕಳ ಬಗ್ಗೆ ಒಂದು ಕಾಲಂ. ಅದನ್ನು ನಾವೇ ಹಾಕಿಕೊಳ್ಳಬಹುದು ನಿಜ, ಆದರೆ ಬರೆದ ಹೆಸರು ಎಲ್ಲಿಗಾದರೂ ಹೋಗಬೇಕಲ್ಲ. ಆದ್ದರಿಂದ ಒಂದು ಚೀಟಿ. ಅದರಲ್ಲಿ ಯಾವ ಆಸ್ಪತ್ರೆ, ಯಾವ ವಾರ, ಯಾವ ರೂಮು ಅಂತ ಅಚ್ಚಾಗಿರಬೇಕು. ಚೀಟಿ ತಂದವಳನ್ನು 'ಇವತ್ತು ಆಗಲ್ಲ, ನಾಳೆ ಬನ್ನಿ' ಅನ್ನದೆ ನೋಡಬೇಕು. ಅವಳಿಗೆ ನಾಳೆ ಅಂದರೆ ಇನ್ನೊಂದು ದಿನದ ಸಂಬಳ. ಬೆಳ್ಳಗೆ ಕಂಡರೆ, ಅದು ಬಿಸಿ ತಾಗಿಸಿ ಸುಡಬಹುದಾದಂಥದ್ದಾದರೆ, ಅದೇ ದಿನ ಅಲ್ಲೇ ಮಾಡಿ ಕಳಿಸಬೇಕು. ಕೆಲವು ನಿಮಿಷದ ಕೆಲಸ, ಅಡ್ಮಿಟ್ ಆಗಬೇಕಿಲ್ಲ. ವಾಪಸ್ ಬನ್ನಿ ಅಂದವರಲ್ಲಿ ಎಷ್ಟು ಜನ ಬರುತ್ತಾರೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ ಕಡೆಯಾದರೂ ತಿಂಗಳಿಗೆ ಎರಡು ಭಾನುವಾರ ಈ ಒಂದು ಕೆಲಸಕ್ಕೆ ಬಾಗಿಲು ತೆಗೆಯಿರಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ವಾರದ ದಿನ ಅಂದರೆ ಇಲ್ಲ ಅಂತಲೇ ಅರ್ಥ.

ಇನ್ನು ಆ ಹೋಂವರ್ಕ್ ಮಾಡುತ್ತಿದ್ದ ಮೊಮ್ಮಗಳು. ಹನ್ನೊಂದು ವರ್ಷ. ಲಸಿಕೆಗೆ ಸರಿಯಾದ ವಯಸ್ಸು. ಪುಣೆಯಲ್ಲೇ ತಯಾರಾದ ಈ ವೈರಸ್ಸಿನ ಲಸಿಕೆ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಈ ವಯಸ್ಸಿನವರಿಗೆ ಒಂದೇ ಡೋಸ್ ಆದರೂ ಸಾಕು ಎಂದು ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಹೊರಗಡೆ ಹಾಕಿಸಿದರೆ ಸಾವಿರಗಟ್ಟಲೆ. ಸಿಕ್ಕಿಂ ಸರ್ಕಾರ 2018ರಲ್ಲೇ ಇಡೀ ರಾಜ್ಯದ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿಸಿತು, ಶಾಲೆಗಳಲ್ಲೇ. ಲಸಿಕೆಯ ಪಟ್ಟಿ ನೀವು ಹೇಗೇ ಮಾಡಿ, ಇಂಥ ಮನೆಯ ಹುಡುಗಿಯರ ಹೆಸರನ್ನು ಮೊದಲು ಬರೆಯಿರಿ. ಆ ಮನೆಯಲ್ಲಿ ಲಸಿಕೆ ಬೇಡ ಅನ್ನುವವರು ಒಬ್ಬರೂ ಇರುವುದಿಲ್ಲ.

ಮಾರ್ಫಿನ್ ಬಗ್ಗೆಯೂ ಒಂದು ಮಾತು. 2014ರಲ್ಲಿ ಮಾದಕವಸ್ತು ಕಾಯ್ದೆ ತಿದ್ದಿದ ಮೇಲೆ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ಹತ್ತು ಲೈಸೆನ್ಸ್ ಬೇಕಿಲ್ಲ. ಆದರೂ ಮಾಗಡಿಗೋ ಕುಣಿಗಲ್‌ಗೋ ವಾಪಸ್ ಹೋಗುವ ರೋಗಿಗಳು ಮಾತ್ರೆಗೆ ಬೆಂಗಳೂರಿಗೆ ಬಸ್ ಹತ್ತುತ್ತಾರೆ. ಕಿರುಚಿ ಸತ್ತವರ ಬೀದಿ ಅಲ್ಲೂ ಇರುತ್ತದೆ.

ನಮ್ಮವರೇ ಕೆಲವರಿಗೆ ನನ್ನ 'ಕಾಲಂ' ಇಷ್ಟ ಇಲ್ಲ. "ಇರೋದೇ ಒಂದು ಮನೆಗೆ ಅರ್ಧ ಗಂಟೆ, ಅದ್ರಲ್ಲಿ ಇದೂ ಬೇಕಾ" ಅಂತಾರೆ. ತಪ್ಪಲ್ಲ. ನಾವಿರುವುದು ರೋಗಿಗೆ, ಅವಳ ಅರ್ಧ ಗಂಟೆ ಕದಿಯುವ ಹಾಗಿಲ್ಲ. ಅದಕ್ಕೇ ಇನ್ನೊಂದು ಕೈಮುಗಿದು ಕೇಳುತ್ತೇನೆ. ಟಾರ್ಗೆಟ್ ಮಾತ್ರ ಕೊಡಬೇಡಿ. ತಿಂಗಳಿಗೆ ಇಷ್ಟು ಹೆಸರು ಅಂತ ನೀವು ಶುರು ಮಾಡಿದ ದಿನ, ಉಸಿರು ಎಳೆಯುತ್ತಿರುವವಳ ಪಕ್ಕದಲ್ಲಿ ನಿಂತು ಮಗಳ ಆಧಾರ್ ನಂಬರ್ ಬರೆಯುವ ನರ್ಸ್ ತಯಾರಾಗುತ್ತಾಳೆ. ಅದರ ಬದಲು ಈ ಕಾಲಂ ಇಲ್ಲದಿರುವುದೇ ಒಳ್ಳೆಯದು.

ಸದ್ಯಕ್ಕೆ ನಾನು ಫಾರಂನ ಹಿಂದುಗಡೆ ಪೆನ್ನಿನಲ್ಲಿ ಗೆರೆ ಎಳೆದು ಬರೆಯುತ್ತಿದ್ದೇನೆ. ಈ ತಿಂಗಳು ಹದಿನೇಳು ಹೆಸರು ಆಗಿವೆ. ಹೋಗಿ ನೋಡಿಸಿಕೊಂಡವರು ನಾಲ್ಕು. ಇಬ್ಬರನ್ನು ನಾನೇ ವ್ಯಾನಿನಲ್ಲಿ ಇಳಿಸಿದ್ದು, ಡ್ರೈವರ್ ಅಣ್ಣ ಯಾರಿಗೂ ಹೇಳಬೇಡಿ ಅಂದಿದ್ದಾನೆ.

ಲಗ್ಗೆರೆ ಅಮ್ಮ ಮಲಗಿದ್ದ ಹಾಗೇ ಹೋದರು. ಕಿಡ್ನಿ ನಿಂತಿತ್ತು. ಕೊನೆಯ ವಾರ ನೋವಿರಲಿಲ್ಲ. ಸೊಸೆಗೆ ಎಲ್ಲಿ, ಯಾವ ವಾರ, ಎಷ್ಟು ಎಂಬ ಮೂರು ಉತ್ತರ ಬರೆದುಕೊಟ್ಟಿದ್ದೆ. ಹೋದ ಮಂಗಳವಾರ ಹೋಗಿದ್ದಳು. ನೋಡುವ ಸಿಸ್ಟರ್ ರಜೆಯಲ್ಲಿದ್ದರಂತೆ, ಮುಂದಿನ ವಾರ ಬರಲು ಹೇಳಿ ಕಳಿಸಿದ್ದಾರೆ. ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಹೋಗುತ್ತಾಳಂತೆ, ಸೂಪರ್‌ವೈಸರ್ ರಜೆ ಕೊಟ್ಟರೆ.

ಇಂತಿ,
ಒಬ್ಬ ಹೋಂ ಕೇರ್ ನರ್ಸ್
ಬೆಂಗಳೂರು